ಹಳೆ ಲಾರಿಯನ್ನು ಮನೆ ಮಾಡಿಕೊಳ್ಳಬಹುದೇ? ವಿಡಿಯೋ ತೋರಿಸದ ಸಂಗತಿಗಳು

ಹೊರಗಿನಿಂದ ನೋಡಿದರೆ ಹಳೆ ಲಾರಿ. ಹಿಂದಿನ ಬಾಗಿಲು ತೆರೆದರೆ ಒಳಗೆ ಹಾಸಿಗೆ, ಅಡುಗೆ ಕಟ್ಟೆ, ಫ್ರಿಜ್, ಪುಟ್ಟ ಬಚ್ಚಲು. ಮೇಲೆ ಸೋಲಾರ್. ಜೊತೆಗೆ ಒಂದು ಸಾಲು: ‘ಸೈಟ್ ಬೇಡ, ಬಾಡಿಗೆ ಬೇಡ, ಕರೆಂಟ್ ಬಿಲ್ ಇಲ್ಲ, ಎಲ್ಲಿ ಬೇಕಾದರೂ ಹೋಗಿ ಇರಬಹುದು.’ ಇಂಥ ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು.

ತೇರದಾಳದಂಥ ಊರಿನಲ್ಲಿ ಇದನ್ನು ಬರೀ ಮೋಜಿಗೆ ನೋಡಿ ಬಿಡುವವರು ಕಡಿಮೆ. ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಸುತ್ತಲಿನದು ಕಬ್ಬಿನ ಸೀಮೆ. ಲಾರಿ, ಟ್ರ್ಯಾಕ್ಟರ್, ಗ್ಯಾರೇಜು, ವೆಲ್ಡಿಂಗ್ ಅಂಗಡಿ ಇಲ್ಲಿ ದಿನದ ಬದುಕಿನ ಭಾಗ. ತಗಡು ಕತ್ತರಿಸಿ ಕಿಟಕಿ ಇಡುವುದು, ಪ್ಲೈವುಡ್ ಹೊಡೆಯುವುದು ನಮ್ಮ ಮಿಸ್ತ್ರಿಗಳಿಗೆ ಕಷ್ಟದ ಕೆಲಸವೇನಲ್ಲ. ಹಾಗಾಗಿ ‘ನಮ್ಮ ಹಳೆ ಲಾರಿಗೂ ಹೀಗೇ ಮಾಡಿದರೆ?’ ಎಂಬ ಪ್ರಶ್ನೆ ಸಹಜ.

ಚುಟುಕಾಗಿ ಹೇಳುವುದಾದರೆ: ವಾಹನವನ್ನು ಮನೆಯಂತೆ ಸಜ್ಜುಗೊಳಿಸಲು ಭಾರತದಲ್ಲಿ ಕಾನೂನಿನ ದಾರಿ ಇದೆ. ಆದರೆ ಅದು ವಿಡಿಯೋದಲ್ಲಿ ಕಾಣುವಷ್ಟು ಸುಲಭವಲ್ಲ. ಕಾನೂನಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಮನೆ ಕಟ್ಟುವ ಯೋಚನೆಯೇ ಇಲ್ಲದೆ ಲಾರಿ ಕ್ಯಾಬಿನ್ನಿನಲ್ಲಿ ಮಲಗುವವರಿಗೂ ಆ ಮಾಹಿತಿ ಬೇಕು.

‘ನನ್ನ ಲಾರಿ, ನನ್ನಿಷ್ಟ’ ಎನ್ನಬಹುದೇ?

ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿಸಲಾಯಿತು.

ಹಾಗಂತ ಕ್ಯಾರವಾನ್‌ಗಳಿಗೆ ನಿಷೇಧವಿಲ್ಲ. ಕೇಂದ್ರ ಸರ್ಕಾರದ ವಾಹನ ವರ್ಗಗಳ ಪಟ್ಟಿಯಲ್ಲಿ ಖಾಸಗಿ ಬಳಕೆಯ ‘ಕ್ಯಾಂಪರ್ ವ್ಯಾನ್’ ಎಂಬ ವರ್ಗವೇ ಇದೆ. ಮೋಟಾರು ಕ್ಯಾರವಾನ್ ಹೇಗಿರಬೇಕು ಎನ್ನುವುದಕ್ಕೆ ಎಐಎಸ್-124 ಎಂಬ ಮಾನದಂಡವಿದೆ. ಪುಣೆಯ ಎಆರ್‌ಎಐನಂಥ ಮಾನ್ಯತೆ ಪಡೆದ ಸಂಸ್ಥೆಗಳು ವಾಹನ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತವೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನೇ ತಂದಿತು.

ಗೊಂದಲ ಶುರುವಾಗುವುದು ಇಲ್ಲಿ. ನಾವು ನೋಡುವ ಎಷ್ಟೋ ವಿಡಿಯೋಗಳು ಹೊರದೇಶದವು. ಜರ್ಮನಿಯಲ್ಲಿ ಟ್ರಕ್ಕನ್ನು ಮನೆ ಮಾಡಿದವರು ಅದನ್ನು ತಪಾಸಣೆ ಸಂಸ್ಥೆಗೆ ಒಯ್ದು ತೋರಿಸಿ ದಾಖಲೆ ಬದಲಿಸಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲೂ ವಾಹನದ ಬಗೆಯನ್ನು ದಾಖಲೆಯಲ್ಲಿ ಬದಲಿಸಲು ಅರ್ಜಿ ಹಾಕಬೇಕು. ವಿಡಿಯೋದಲ್ಲಿ ಬಡಗಿ ಕೆಲಸ ಕಾಣುತ್ತದೆ, ಈ ಕಾಗದದ ಕೆಲಸ ಕಾಣುವುದಿಲ್ಲ.

ಇನ್ನೂ ಎರಡು ಮಾತು. ಲಾರಿ ಸಾಲದಲ್ಲಿದ್ದರೆ, ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಕೈ ಹಚ್ಚಬೇಡಿ. ಒಳಗೆ ಸೋಫಾ ಹಾಕಿದ ಮಾತ್ರಕ್ಕೆ ಲಾರಿ ಕಾರಾಗುವುದಿಲ್ಲ: ಒಟ್ಟು ತೂಕದ ಮಿತಿ 7,500 ಕಿಲೋ ದಾಟಿದ ವಾಹನವನ್ನು ಕಾರಿನ ಲೈಸೆನ್ಸ್‌ನಲ್ಲಿ ಓಡಿಸುವಂತಿಲ್ಲ. ಹೇಳದೆ ಮಾಡಿದ ಬದಲಾವಣೆ ಇದ್ದರೆ, ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಬರಬಹುದು.

ಒಳಗಿನ ಬಿಸಿ ಮತ್ತು ಸೋಲಾರ್ ಲೆಕ್ಕ

ಲಾರಿಯ ಬಾಡಿ ಸರಕಿಗಾಗಿ ಮಾಡಿದ್ದು. ಜೋಳದ ಚೀಲಕ್ಕೆ ಸೆಕೆಯಾಗುವುದಿಲ್ಲ, ಮನುಷ್ಯನಿಗೆ ಆಗುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ತಗಡು ಬೇಗ ಕಾಯುತ್ತದೆ, ಕಾದ ತಗಡು ಒಳಗಿನ ಗಾಳಿಯನ್ನೂ ಕಾಯಿಸುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲ.

‘ಗೋಡೆಗೆ ಥರ್ಮಾಕೋಲ್ ಹೊಡೆದರೆ ಸಾಕು’ ಎನ್ನುವವರಿದ್ದಾರೆ. ಥರ್ಮಾಕೋಲ್ ಬಿಸಿ ತಡೆಯುತ್ತದೆ, ನಿಜ. ಆದರೆ ಅದು ಬೇಗ ಹೊತ್ತಿಕೊಳ್ಳುವ ಪ್ಲಾಸ್ಟಿಕ್. ಉರಿದರೆ ದಟ್ಟ ಕಪ್ಪು ಹೊಗೆ. ಕಲ್ಲುಣ್ಣೆ, ಗಾಜುಣ್ಣೆಯಂಥ ಬೆಂಕಿ ಹಿಡಿಯದ ವಸ್ತುಗಳು ಇದಕ್ಕಿಂತ ಸುರಕ್ಷಿತ. ಚಾವಣಿಗೆ ಬಿಳಿ ಬಣ್ಣ, ಎದುರುಬದುರು ಕಿಟಕಿ ಕೂಡ ಸ್ವಲ್ಪ ತಂಪು ಕೊಡುತ್ತವೆ.

ಅಷ್ಟಾದರೂ ಸೆಕೆ ತಡೆಯದಿದ್ದರೆ ಎಲ್ಲರ ಕಣ್ಣು ಹೋಗುವುದು ಎಸಿ ಕಡೆಗೆ. ‘ಸೋಲಾರ್ ಇದೆಯಲ್ಲ, ಎಸಿ ಪುಕ್ಕಟೆ’ ಎಂಬ ಮಾತನ್ನು ಲೆಕ್ಕ ಹಾಕಿ ನೋಡೋಣ.

18 ಅಡಿ ಉದ್ದ, ಏಳೂವರೆ ಅಡಿ ಅಗಲದ ಚಾವಣಿ ಎಂದುಕೊಳ್ಳಿ. ಇದರ ಮೇಲೆ 540 ವ್ಯಾಟ್‌ನ ದೊಡ್ಡ ಪ್ಯಾನೆಲ್ ನಾಲ್ಕು ಹಿಡಿಯುತ್ತವೆ. ಒಟ್ಟು ಸುಮಾರು 2 ಕಿಲೋವ್ಯಾಟ್. ಒಳ್ಳೆ ಬಿಸಿಲಿನ ದಿನ ಇದರಿಂದ 7-8 ಯೂನಿಟ್ ಸಿಗಬಹುದು. ಫ್ಯಾನ್, ಲೈಟು, ಮೊಬೈಲ್, ಸಣ್ಣ ಫ್ರಿಜ್‌ಗೆ ಇದು ಧಾರಾಳ. ಆದರೆ 1 ಟನ್ ಎಸಿ ಗಂಟೆಗೆ ಮುಕ್ಕಾಲರಿಂದ 1 ಯೂನಿಟ್ ತಿನ್ನುತ್ತದೆ. ರಾತ್ರಿ 8 ತಾಸು ನಡೆದರೆ 6ರಿಂದ 8 ಯೂನಿಟ್. ದಿನದ ಗಳಿಕೆಯೆಲ್ಲ ಅದಕ್ಕೇ ಹೋಯಿತು.

ಅದೂ ರಾತ್ರಿ ಬೇಕು, ಅಂದರೆ ಬ್ಯಾಟರಿಯಲ್ಲಿ ಕೂಡಿಡಬೇಕು. ಮನೆಯ ಇನ್ವರ್ಟರ್‌ಗೆ ಹಾಕುವ 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಇರುವುದು 1.8 ಯೂನಿಟ್. ಅದನ್ನು ಪೂರ್ತಿ ಬರಿದು ಮಾಡಿದರೆ ಬೇಗ ಹಾಳಾಗುತ್ತದೆ, ಹಾಗಾಗಿ ಅರ್ಧದಷ್ಟೇ ಬಳಸುತ್ತಾರೆ. ಒಂದು ಬ್ಯಾಟರಿಗೆ ಎಸಿ ಹೆಚ್ಚುಕಡಿಮೆ ಒಂದು ತಾಸು. ಇಡೀ ರಾತ್ರಿಗೆ ಏಳೆಂಟು ಬ್ಯಾಟರಿ, ಒಂದೊಂದೂ 50 ಕಿಲೋ ಆಸುಪಾಸು.

ಇನ್ನೊಂದು ಇಕ್ಕಟ್ಟೂ ಇದೆ. ಸೋಲಾರ್ ಚೆನ್ನಾಗಿ ನಡೆಯಬೇಕೆಂದರೆ ಲಾರಿ ಬಿಸಿಲಲ್ಲಿ ನಿಲ್ಲಬೇಕು, ಆಗ ಒಳಗೆ ಕುದಿಯುತ್ತದೆ. ಬೇವಿನ ಮರದ ನೆರಳಿಗೆ ನಿಲ್ಲಿಸಿದರೆ ಒಳಗೆ ತಂಪು, ಮೇಲೆ ಕರೆಂಟ್ ಇಲ್ಲ. ಈ ಲೆಕ್ಕ ಕೂಡದೆ ಹೋದಾಗ ಜನ ಜನರೇಟರ್ ತರುತ್ತಾರೆ. ನಿಜವಾದ ಅಪಾಯ ಶುರುವಾಗುವುದು ಆಗಲೇ.

ವಾಸನೆ ಇಲ್ಲದ ಸಾವು

2024ರ ಡಿಸೆಂಬರ್‌ನಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ವಡಕರ ಬಳಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಶವವಾಗಿ ಸಿಕ್ಕರು. ಬೆಂಕಿ ಬಿದ್ದಿರಲಿಲ್ಲ, ಡಿಕ್ಕಿಯಾಗಿರಲಿಲ್ಲ. ಎಸಿಗಾಗಿ ಜನರೇಟರ್ ಹಚ್ಚಿ ಮಲಗಿದ್ದರು. ಕ್ಯಾಲಿಕಟ್‌ನ ಎನ್‌ಐಟಿ ತಜ್ಞರು ಅದೇ ವಾಹನದಲ್ಲಿ ಪರೀಕ್ಷೆ ಮಾಡಿದಾಗ, ಜನರೇಟರ್ ಹೊಗೆ ತಳದ ರಂಧ್ರದ ಮೂಲಕ ಒಳಗೆ ಬರುತ್ತಿದ್ದುದು ಗೊತ್ತಾಯಿತು. ಎರಡು ತಾಸಿನಲ್ಲಿ ಒಳಗಿನ ಕಾರ್ಬನ್ ಮಾನಾಕ್ಸೈಡ್ 950 ಪಿಪಿಎಂ ದಾಟಿತ್ತು, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 950ಕ್ಕೂ ಹೆಚ್ಚು ಭಾಗ. 800 ಪಿಪಿಎಂ ಇದ್ದರೇ ಮುಕ್ಕಾಲು ತಾಸಿನೊಳಗೆ ತಲೆ ಸುತ್ತು, ವಾಕರಿಕೆ ಬರುತ್ತದೆ. ಎರಡು-ಮೂರು ತಾಸಿನಲ್ಲಿ ಸಾವು ಬರಬಹುದು.

ಪೆಟ್ರೋಲ್, ಡೀಸೆಲ್, ಇದ್ದಿಲು, ಕಟ್ಟಿಗೆ, ಗ್ಯಾಸ್, ಯಾವುದೇ ಇಂಧನ ಅರೆಬರೆ ಉರಿದಾಗ ಈ ಅನಿಲ ಹುಟ್ಟುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗವೇ ಉಳಿಯುವುದಿಲ್ಲ. ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ.

ಇದರ ಸುತ್ತ ಇರುವ ತಪ್ಪು ತಿಳಿವಳಿಕೆಗಳೂ ಕಡಿಮೆಯಲ್ಲ.

‘ಹೊಗೆ ಬಂದರೆ ವಾಸನೆಗೆ ಎಚ್ಚರವಾಗುತ್ತದೆ’: ಸುಳ್ಳು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ.

‘ಅದು ಭಾರ, ಕೆಳಗೆ ಕೂರುತ್ತದೆ, ಮೇಲಿನ ಬರ್ತ್‌ನಲ್ಲಿ ಮಲಗಿದರೆ ತೊಂದರೆ ಇಲ್ಲ’: ಸುಳ್ಳು. ಇದು ಗಾಳಿಗಿಂತ ತುಸು ಹಗುರ, ಕೋಣೆಯ ತುಂಬ ಬೆರೆಯುತ್ತದೆ.

‘ಕಿಟಕಿ ಎರಡು ಬೆರಳು ತೆರೆದರೆ ಸಾಕು’: ನಂಬುವಂತಿಲ್ಲ. ಗಾಳಿಯ ದಿಕ್ಕು ಬದಲಾದರೆ ಅದೇ ಸಂದಿಯಿಂದ ಹೊಗೆ ಒಳಗೂ ಬರಬಹುದು.

‘ಬೆರಳಿನ ಆಕ್ಸಿಮೀಟರ್ 98 ತೋರಿಸಿದರೆ ಭಯವಿಲ್ಲ’: ಇದು ಅಪಾಯಕಾರಿ ನಂಬಿಕೆ. ಕೋವಿಡ್ ಕಾಲದಲ್ಲಿ ಮನೆಗೆ ತಂದ ಆ ಸಾಧನಕ್ಕೆ ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್ ಯಾವುದು, ಕಾರ್ಬನ್ ಮಾನಾಕ್ಸೈಡ್ ಹಿಡಿದದ್ದು ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ. ವಿಷ ಏರಿದ್ದರೂ ಅಂಕಿ ಸರಿಯಾಗಿಯೇ ಕಾಣಬಹುದು.

ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆ ಮುಂದೆ ರಾತ್ರಿಯಿಡೀ ಪಾಳಿ ಕಾಯುತ್ತ ಕ್ಯಾಬಿನ್ನಿನಲ್ಲಿ ಮಲಗುವ ಚಾಲಕರಿಗೂ ಇದು ಅನ್ವಯಿಸುತ್ತದೆ. ಈಗ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಓಡಿಸುವಾಗ ಅದು ಒಳ್ಳೆಯದೇ. ಆದರೆ ನಿಂತ ಲಾರಿಯಲ್ಲಿ ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ, ಎಸಿ ಹಾಕಿ ಮಲಗಬೇಡಿ. ಸೈಲೆನ್ಸರ್ ತೂತಾಗಿದ್ದರೆ ಹೊಗೆ ಒಳಗೆ ಬರಬಹುದು. ಚಳಿಗೆ ಇದ್ದಿಲ ಒಲೆಯನ್ನು ಒಳಗೆ ಇಟ್ಟುಕೊಳ್ಳುವುದೂ ಅಷ್ಟೇ ಅಪಾಯ.

ಒಳಗಿದ್ದವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ, ಮಂಪರು ಬಂದರೆ ಪ್ರಯಾಣದ ಆಯಾಸ ಎಂದು ಮಲಗಬೇಡಿ. ತಕ್ಷಣ ಬಯಲಿಗೆ ಬನ್ನಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಕೊಡುವ ಆಮ್ಲಜನಕವೇ ಇದಕ್ಕೆ ಚಿಕಿತ್ಸೆ.

ಗ್ಯಾಸ್, ನೀರು, ಬಾಗಿಲು

ಎಲ್‌ಪಿಜಿ ಸ್ವಭಾವ ಬೇರೆ. ಅದು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಮೇಲೊಂದು ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಲದು. ಸಿಲಿಂಡರ್ ಇಡುವ ಜಾಗ ಒಳಗಿನಿಂದ ಪೂರ್ತಿ ಬೇರೆಯಾಗಿದ್ದು, ಅದರ ತಳದಲ್ಲಿ ಹೊರಕ್ಕೆ ಗಾಳಿಕಿಂಡಿ ಇರಬೇಕು. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೆ ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿ ರೈಲು ಬೋಗಿಗೆ ಬೆಂಕಿ ಬಿದ್ದು 9 ಜನ ಸತ್ತರು. ನಿಯಮ ಮೀರಿ ಒಳಗೆ ತಂದಿದ್ದ ಗ್ಯಾಸ್ ಸಿಲಿಂಡರ್ ಅದಕ್ಕೆ ಕಾರಣ. ಗಾಡಿ ನಿಂತಿದೆ ಎಂದರೆ ಸುರಕ್ಷಿತವಾಗಿದೆ ಎಂದಲ್ಲ.

ಬೆಂಕಿ ಬಿದ್ದಾಗ ಎಣಿಕೆಗೆ ಬರುವುದು ಬಾಗಿಲು. 2013ರ ನವೆಂಬರ್‌ನಲ್ಲಿ ನಮ್ಮದೇ ಹಾವೇರಿ ಜಿಲ್ಲೆಯ ಕುಣಿಮೆಳ್ಳಿಹಳ್ಳಿ ಬಳಿ ಐಷಾರಾಮಿ ಬಸ್ಸು ಹೊತ್ತಿ 7 ಪ್ರಯಾಣಿಕರು ಸತ್ತರು. ಲಾರಿಯ ಬಾಡಿಗೆ ಸಾಮಾನ್ಯವಾಗಿ ಇರುವುದು ಹಿಂದಿನ ಬಾಗಿಲು ಒಂದೇ, ಅದಕ್ಕೂ ಚಿಲಕ ಹೊರಗೆ. ಮನುಷ್ಯರು ಮಲಗುವ ಜಾಗಕ್ಕೆ ಒಳಗಿನಿಂದ ತೆರೆಯುವ ಎರಡು ದಾರಿ ಬೇಕೇ ಬೇಕು.

ನೀರಿನ ಲೆಕ್ಕ ಸರಳ: 1 ಲೀಟರ್ ಎಂದರೆ 1 ಕಿಲೋ. 500 ಲೀಟರ್ ಟ್ಯಾಂಕ್ ಎಂದರೆ ಅರ್ಧ ಟನ್. ದೊಡ್ಡ ಲಾರಿಗೆ ಆ ಭಾರ ಏನೂ ಅಲ್ಲ. ಆದರೆ ಅದನ್ನು ಚಾವಣಿಯ ಮೇಲೆ ಕೂರಿಸಿದರೆ ತಿರುವಿನಲ್ಲಿ ಲಾರಿ ಮಗುಚುವ ಅಪಾಯ ಹೆಚ್ಚು. ಅರ್ಧ ತುಂಬಿದ ಟ್ಯಾಂಕಿನ ನೀರು ಒಂದೇ ಬದಿಗೆ ಹೊರಳಿ ಗಾಡಿಯನ್ನು ಎಳೆಯುತ್ತದೆ.

ಹಾಗಾದರೆ ಏನು ಮಾಡಬಹುದು?

ರಸ್ತೆಯ ಮೇಲೆ ಓಡಬೇಕೆಂದರೆ ಗ್ಯಾರೇಜಿಗೆ ಹೋಗುವ ಮುನ್ನ ಸಾರಿಗೆ ಕಚೇರಿಗೆ ಹೋಗಿ. ತೇರದಾಳದವರಿಗೆ ಅದು ಕೆಎ-48, ಜಮಖಂಡಿ. ಎಐಎಸ್-124 ಪ್ರಕಾರ ಪ್ರಮಾಣಪತ್ರ ಇರುವ ಕ್ಯಾರವಾನ್ ಕಟ್ಟುವವರಿಂದ ಮಾಡಿಸುವುದೇ ನೇರ ದಾರಿ. ಮೊದಲು ಕತ್ತರಿಸಿ, ಆಮೇಲೆ ಅನುಮತಿ ಕೇಳಿದರೆ ಹಾಕಿದ ಹಣವೂ ಹೋಗುತ್ತದೆ, ಲಾರಿಯೂ ಮೂಲೆಗೆ ಬೀಳುತ್ತದೆ.

ಓಡುವುದು ಬೇಡ, ಹೊಲದಲ್ಲಿ ಕಾವಲಿಗೆ ಒಂದು ಕೋಣೆ ಸಾಕು ಎನ್ನುವವರಿಗೆ ಹಳೆ ಲಾರಿಯ ಬಾಡಿ ಉಪಯೋಗಕ್ಕೆ ಬರಬಹುದು. ಆದರೆ ಬಳಕೆಗೆ ಬಾರದ ವಾಹನದ ಬಗ್ಗೆ 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಗಾಳಿ, ಗ್ಯಾಸ್, ಬಾಗಿಲಿನ ನಿಯಮ ಅಲ್ಲಿಗೂ ಒಂದೇ.

ಯಾವುದೇ ರೂಪವಾದರೂ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ. ಹೊಗೆ ಅಲಾರಂ ಬೇರೆ, ಇದು ಬೇರೆ. ಜನರೇಟರ್ ಇದ್ದರೆ ಅದು ವಾಹನದಿಂದ ದೂರ, ಬಯಲಲ್ಲಿರಲಿ. ಮಲಗುವ ಹೊತ್ತಿಗೆ ಬಂದ್ ಆಗಿರಲಿ.

ಫಾರ್ವರ್ಡ್ ಮಾಡುವ ಮುನ್ನ

ಲಾರಿ ಮನೆಯ ವಿಡಿಯೋ ಮತ್ತೆ ಬಂದರೆ ಮೂರು ಪ್ರಶ್ನೆ ಕೇಳಿ. ಇದು ಯಾವ ದೇಶದ್ದು? ರಾತ್ರಿ ಕರೆಂಟ್ ಎಲ್ಲಿಂದ ಬರುತ್ತದೆ? ಬಾಗಿಲು ಮುಚ್ಚಿದ ಮೇಲೆ ಒಳಗಿನವರು ಉಸಿರಾಡುವ ಗಾಳಿ ಎಲ್ಲಿಂದ ಬರುತ್ತದೆ? ಮೂರಕ್ಕೂ ಉತ್ತರವಿಲ್ಲದಿದ್ದರೆ ಅದನ್ನು ನೋಡಿ ಖುಷಿಪಡಿ, ಅಳತೆ ತೆಗೆದುಕೊಂಡು ಗ್ಯಾರೇಜಿಗೆ ಹೋಗಬೇಡಿ.

ಕಳಿಸಲೇಬೇಕು ಅನಿಸಿದರೆ ಜೊತೆಗೆ ಈ ಒಂದು ಸಾಲನ್ನೂ ಕಳಿಸಿ: ‘ಮುಚ್ಚಿದ ಗಾಡಿಯೊಳಗೆ ಎಂಜಿನ್, ಜನರೇಟರ್, ಇದ್ದಿಲು ಉರಿಸಿ ಮಲಗಬೇಡಿ.’ ನಿಮ್ಮ ಗುಂಪಿನಲ್ಲಿ ಇವತ್ತು ರಾತ್ರಿ ಕ್ಯಾಬಿನ್ನಿನಲ್ಲಿ ಮಲಗುವವರು ಯಾರಾದರೂ ಇರಬಹುದು.