ಬೋಳುಗುಡ್ಡ ಬೋಳಲ್ಲ

ಮಕ್ಕಳೇ, ನಮ್ಮ ಕಾಟಿಯನ್ನು ‘ಇಂಡಿಯನ್ ಬೈಸನ್’ ಎಂದು ಬರೆದ ಪುಸ್ತಕಗಳಿವೆ. ಕಾಟಿ ಬೈಸನ್ ಅಲ್ಲ, ಅದು ಬೇರೆಯೇ ಪ್ರಾಣಿ. ಹುಲ್ಲು ಮಾತ್ರ ಎರಡಕ್ಕೂ ಜೀವ. ಅಮೆರಿಕದ ಹುಲ್ಲುಬಯಲಿನಲ್ಲಿ ಕೋಟಿಗಟ್ಟಲೆ ಇದ್ದ ಬೈಸನ್‌ಗಳು ಬೇಟೆಗೆ ಸಿಕ್ಕಿ 1889ರ ಹೊತ್ತಿಗೆ ಸಾವಿರದಷ್ಟು ಉಳಿದಿದ್ದವು.

ಕಾರ್ಕಳದಿಂದ ಕುದುರೆಮುಖಕ್ಕೆ ಹೋಗುವಾಗ ಕಾಣುವ ಹುಲ್ಲುಗುಡ್ಡಗಳನ್ನು ನೋಡಿ “ಛೆ, ಒಂದು ಮರವೂ ಇಲ್ಲ” ಎನ್ನುವ ಹೆತ್ತವರಿದ್ದಾರೆ. ಹಿಂದೆ ಹೀಗೆಂದುಕೊಂಡೇ ಅಲ್ಲಿ ಅಕೇಶಿಯಾ ನೆಟ್ಟದ್ದೂ ಉಂಟು! ಗಾಳಿ ಬಡಿಯುವ ನೆತ್ತಿಯಲ್ಲಿ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಶೋಲಾ ಕಾಡು – ಇದು ಸಾವಿರಾರು ವರ್ಷಗಳ ಏರ್ಪಾಡು. ಆಟಿಯ ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಹಿಡಿಯುವುದು ಹುಲ್ಲಿನ ಬೇರು. ಅಲ್ಲಿ ಇಂಗಿದ ನೀರು ನೇತ್ರಾವತಿಗೆ, ಮುಂದೆ ತುಂಬೆಯ ಕಿಂಡಿ ಅಣೆಕಟ್ಟಿಗೆ, ಕೊನೆಗೆ ಮಂಗಳೂರಿನ ನಲ್ಲಿಗೆ.

ಈ ಸೀಮೆಯನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು; ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತಿತು. ಉದ್ಯಾನದೊಳಗೆ ಮಲೆಕುಡಿಯರ, ಇತರ ರೈತರ ಮನೆಗಳಿವೆ. ಒಂದು ರಾತ್ರಿ ಕಾಟಿಗಳು ಗದ್ದೆಗಿಳಿದರೆ ವರ್ಷದ ಅನ್ನ ಹೋದಂತೆಯೇ. ಅವರಿಗೆ ಸಂರಕ್ಷಣೆಯ ಪಾಠ ಹೇಳುವ ಮೊದಲು ಬೆಳೆಹಾನಿಯ ಪರಿಹಾರ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಗುಡ್ಡದಲ್ಲಿ ಹುಲ್ಲು ಉಳಿದರೆ ಕಾಟಿಗೂ ಗದ್ದೆಯ ಹಾದಿ ಹಿಡಿಯುವ ಗರಜು ಅಷ್ಟಿಲ್ಲ.