ಜೋಡೆತ್ತಿನ ಲೆಕ್ಕ

ಒಂದೇ ನೊಗಕ್ಕೆ ಹುರುಪಿನ ಎತ್ತನ್ನೂ ಸಾಧು ಎತ್ತನ್ನೂ ಹೂಡಿದರೆ ಗಾಡಿ ಯಾವ ವೇಗದಲ್ಲಿ ಸಾಗೀತು? ಗೋಕಾಕ-ಮೂಡಲಗಿ ಸೀಮೆಯ ತುಕ್ಕಾನಟ್ಟಿಯ ರೈತನಿಗೆ ಇದೊಂದು ಪ್ರಶ್ನೆಯೇ ಅಲ್ಲ. ಸಾಧು ಎತ್ತಿನ ವೇಗವೇ ಗಾಡಿಯ ವೇಗ. ಅದೇ ರೈತನಿಗೆ ಇನ್ನೊಂದು ಮಾತೂ ಚೆನ್ನಾಗಿ ಗೊತ್ತು: 'ಸರ್ವರ್ ಡೌನ್ ಐತಿ, ನಾಳೆ ಬರ್ರಿ.' ಎತ್ತಿಗೂ ಸರ್ವರಿಗೂ ಏನು ಸಂಬಂಧ ಎಂದು ಹುಬ್ಬೇರಿಸಬೇಕಾಗಿಲ್ಲ. ಆ 'ನಾಳೆ ಬರ್ರಿ' ಎಂಬ ಮಾತನ್ನು ತಪ್ಪಿಸಲು ಗಣಕ ತಜ್ಞರು ಕಂಡುಕೊಂಡ ಉಪಾಯಗಳಲ್ಲೊಂದು ಈ ಜೋಡೆತ್ತಿನ ಲೆಕ್ಕವೇ.

2000ದ ಆಸುಪಾಸಿನಲ್ಲಿ ಕರ್ನಾಟಕದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ತಂದಿತು. ಆಗ ಆ ಕಂಪ್ಯೂಟರು ತಾಲ್ಲೂಕು ಕಚೇರಿಯಲ್ಲೇ ಇತ್ತು. ಬರಬರುತ್ತ ಇಂಥ ಕೆಲಸಗಳೆಲ್ಲ ದೂರದ ದತ್ತಾಂಶ ಕೇಂದ್ರಗಳಿಗೆ ಸೇರಿಕೊಂಡವು. ಬೆಳೆಸಾಲಕ್ಕೆ ಪಹಣಿ ಬೇಕು, ಬೆಳೆವಿಮೆಗೂ ಬೇಕು. ಎರಡಕ್ಕೂ ಕೊನೆಯ ದಿನಾಂಕವೊಂದಿರುತ್ತದೆ. ಯಂತ್ರಕ್ಕೆ ಮಾತ್ರ ಆ ದಿನಾಂಕ ಗೊತ್ತಿಲ್ಲ. ಅದರ ಫ್ಯಾನು ಕೆಡುತ್ತದೆ, ಮೆಮೊರಿ ಕೈಕೊಡುತ್ತದೆ, ಹಳತಾಯಿತೆಂದು ಬದಲಾಯಿಸಲೂ ಬೇಕಾಗುತ್ತದೆ. ಕೆಲಸ ನಿಲ್ಲಿಸದೆ ಇದನ್ನೆಲ್ಲ ಮಾಡುವುದು ಹೇಗೆ?

ಇದಕ್ಕೆ ಉತ್ತರ 'ವರ್ಚುವಲ್ ಯಂತ್ರ', ಅಂದರೆ ತೋರಿಕೆಯ ಯಂತ್ರ. ಒಂದೇ ನಿಜವಾದ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳಿವೆಯೆಂಬ ಭ್ರಮೆಯನ್ನು ಸಾಫ್ಟ್‌ವೇರ್ ಹುಟ್ಟಿಸುತ್ತದೆ. ಐಬಿಎಂ 1972ರಲ್ಲೇ ತನ್ನ ದೊಡ್ಡ ಗಣಕಗಳಿಗೆ ಇಂಥ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತ್ತು. 1999ರಲ್ಲಿ ವಿಎಂವೇರ್ ಕಂಪನಿ ಅದನ್ನು ಮೇಜಿನ ಮೇಲಿನ ಪಿಸಿಗೂ ತಂದಿತು. 2005-06ರಲ್ಲಿ ಇಂಟೆಲ್ ಮತ್ತು ಎಎಂಡಿ ತಮ್ಮ ಪ್ರೊಸೆಸರುಗಳಲ್ಲೇ ಅದಕ್ಕೆ ಅನುಕೂಲ ಕಲ್ಪಿಸಿದವು. ತೋರಿಕೆಯ ಯಂತ್ರಕ್ಕೆ ಕಬ್ಬಿಣದ ಮೈಯಿಲ್ಲದ್ದರಿಂದ, ಅದು ಓಡುತ್ತಿರುವಾಗಲೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸಬಹುದು. ಮೆಮೊರಿಯನ್ನು ನಕಲು ಮಾಡುತ್ತ ಹೋಗುವುದು, ಅಷ್ಟರಲ್ಲಿ ಬದಲಾದ ಭಾಗವನ್ನು ಮತ್ತೆ ನಕಲು ಮಾಡುವುದು, ಕೊನೆಗೆ ಕಣ್ಣುಮಿಟುಕಿಸುವಷ್ಟು ಹೊತ್ತು ನಿಲ್ಲಿಸಿ ಆ ಕಡೆ ಎಬ್ಬಿಸುವುದು. ಕೌಂಟರಿನ ಮುಂದೆ ನಿಂತವನಿಗೆ ಸುಳಿವೂ ಹತ್ತದು.

ತೊಡಕಿರುವುದು ಪ್ರೊಸೆಸರಿನಲ್ಲಿ. ಪ್ರತಿ ತಲೆಮಾರಿನ ಪ್ರೊಸೆಸರೂ ಹಿಂದಿನದಕ್ಕೆ ಬಾರದ ಕೆಲವು ಹೊಸ ವಿದ್ಯೆಗಳನ್ನು ಕಲಿತೇ ಬರುತ್ತದೆ. ಇಂಟೆಲ್ ಚಿಪ್ಪುಗಳಿಗೆ ಎವಿಎಕ್ಸ್ ಎಂಬ ಆದೇಶಗಳ ಗುಂಪು ಬಂದದ್ದು 2011ರಲ್ಲಿ, ಎವಿಎಕ್ಸ್-2 ಬಂದದ್ದು 2013ರಲ್ಲಿ. ಪ್ರೋಗ್ರಾಮುಗಳು ಶುರುವಿನಲ್ಲೇ 'ಸಿಪಿಯುಐಡಿ' ಎಂಬ ಆದೇಶದ ಮೂಲಕ ಪ್ರೊಸೆಸರನ್ನು 'ನಿನಗೆ ಏನೇನು ಬರುತ್ತದೆ?' ಎಂದು ಕೇಳಿಕೊಳ್ಳುತ್ತವೆ. ಸಿಕ್ಕ ಉತ್ತರವನ್ನು ನಂಬಿಯೇ ಮುಂದಿನ ಕೆಲಸ. ಹೊಸ ಕಂಪ್ಯೂಟರಿನಲ್ಲಿ ಈ ಉತ್ತರ ಪಡೆದ ಯಂತ್ರವನ್ನು ನಡುವೆ ಹಳೆಯದಕ್ಕೆ ಸಾಗಿಸಿದರೆ, ಅದು ಹಳೆಯ ಪ್ರೊಸೆಸರಿಗೆ ಬಾರದ ಆದೇಶವನ್ನು ಕೊಡುತ್ತದೆ, ಪ್ರೋಗ್ರಾಮು ಅಲ್ಲೇ ಕುಸಿಯುತ್ತದೆ.

ಹಾಗಾಗದಂತೆ ನೋಡಿಕೊಳ್ಳುವುದೇ 'ಹೊಂದಾಣಿಕೆ ವಿಧಾನ'. ವಿಎಂವೇರ್ 2008ರಲ್ಲಿ, ಮೈಕ್ರೋಸಾಫ್ಟ್ ತನ್ನ ಹೈಪರ್-ವಿ ತಂತ್ರಾಂಶದಲ್ಲಿ 2009ರಲ್ಲಿ ಇದನ್ನು ಒದಗಿಸಿದವು. ಇಲ್ಲಿ ಹೊಸ ಪ್ರೊಸೆಸರು ತನ್ನ ಹೆಚ್ಚಿನ ವಿದ್ಯೆಗಳನ್ನು ಹೇಳಿಕೊಳ್ಳುವುದಿಲ್ಲ. ಎಲ್ಲ ಕಂಪ್ಯೂಟರುಗಳಿಗೂ ಬರುವಷ್ಟನ್ನು ಮಾತ್ರ ಪಟ್ಟಿಯಲ್ಲಿ ತೋರಿಸುತ್ತದೆ. ಆಗ ಹುರುಪಿನ ಎತ್ತೂ ಸಾಧು ಎತ್ತಿನ ಹೆಜ್ಜೆಗೇ ಹೆಜ್ಜೆ ಹಾಕುತ್ತದೆ. ಈ ಹೊಂದಾಣಿಕೆಯೂ ಒಂದೇ ಕುಲದೊಳಗಿನದು. ಓಡುತ್ತಿರುವ ಯಂತ್ರವನ್ನು ಇಂಟೆಲ್‌ನಿಂದ ಎಎಂಡಿಗೆ ಸಾಗಿಸಲು ಇದು ನೆರವಾಗದು.

ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟಾಗ ಲೆಕ್ಕ ಇನ್ನಷ್ಟು ಜಟಿಲವಾಗುತ್ತದೆ. ವಿದ್ಯಾರ್ಥಿಗಳಿಗೆ ತರಬೇತಿ ಕೊಡಲು, ಹೊಸ ವ್ಯವಸ್ಥೆಯನ್ನು ಪರೀಕ್ಷಿಸಿ ನೋಡಲು, ಬಾಡಿಗೆಗೆ ಪಡೆದ ತೋರಿಕೆಯ ಯಂತ್ರದೊಳಗೇ ಮತ್ತೆ ತೋರಿಕೆಯ ಯಂತ್ರಗಳನ್ನು ಓಡಿಸುವುದುಂಟು. ಇದು ಇಂಟೆಲ್ ಪ್ರೊಸೆಸರುಗಳ ಮೇಲೂ ಚೆನ್ನಾಗಿ ನಡೆಯಬಲ್ಲದೆಂದು ಐಬಿಎಂ ಸಂಶೋಧಕರ 'ಟರ್ಟಲ್ಸ್' ಯೋಜನೆ 2010ರಲ್ಲಿ ತೋರಿಸಿತು. ಸಾಮಾನ್ಯ ಕೆಲಸಗಳಲ್ಲಿ ಒಂದೇ ಪೆಟ್ಟಿಗೆಗಿಂತ ಇದರ ವೇಗ ಶೇಕಡಾ 6ರಿಂದ 8ರಷ್ಟು ಮಾತ್ರ ಕಡಿಮೆಯಿತ್ತು.

ಆದರೆ ಒಳಗಿನ ಪೆಟ್ಟಿಗೆ ಕೇಳುವ 'ಏನೇನು ಬರುತ್ತದೆ?' ಎಂಬ ಪ್ರಶ್ನೆಗೆ ಉತ್ತರ ಬರುವುದು ಹೊರಗಿನ ಪೆಟ್ಟಿಗೆಯ ಮೂಲಕವೇ. ಉಪಕಾಲುವೆಗೆ ಬಾರದ ನೀರು ಹೊಲಗಾಲುವೆಗೆ ಬಾರದೆಂಬುದು ಘಟಪ್ರಭಾ ಸೀಮೆಯವರಿಗೆ ಗೊತ್ತಿದ್ದದ್ದೇ. ಹೊರಗಿನದು ಮುಚ್ಚಿಟ್ಟ ವಿದ್ಯೆಯನ್ನು ಒಳಗಿನದು ತೋರಿಸಲಾರದು. ಇನ್ನಷ್ಟು ಕಡಿಮೆ ಮಾಡಬಲ್ಲದು ಅಷ್ಟೇ. ಇತ್ತ ಪೆಟ್ಟಿಗೆಯೊಳಗೆ ಪೆಟ್ಟಿಗೆ ನಡೆಯಬೇಕಾದರೆ, ತೋರಿಕೆಯ ಯಂತ್ರಗಳನ್ನು ನಡೆಸುವ ಪ್ರೊಸೆಸರಿನ ವಿಶೇಷ ಶಕ್ತಿಯನ್ನು ಒಳಗಿನದಕ್ಕೆ ತೋರಿಸಲೇಬೇಕು. ಸಲೀಸಾಗಿ ಸಾಗಬೇಕೆಂದರೆ ಮುಚ್ಚಿಡಬೇಕು, ಒಳಗೆ ಪೆಟ್ಟಿಗೆ ನಡೆಯಬೇಕೆಂದರೆ ಬಿಚ್ಚಿಡಬೇಕು. ಹೈಪರ್-ವಿಗೆ 2016ರಲ್ಲಿ ಈ ಸೌಲಭ್ಯ ಬಂದಾಗ, ಒಳಗೊಂದು ಹೈಪರ್-ವಿ ನಡೆಯುತ್ತಿರುವ ಯಂತ್ರವನ್ನು ಚಾಲೂ ಇರುವಾಗ ಸಾಗಿಸಲು ಆಗುತ್ತಲೇ ಇರಲಿಲ್ಲ.

ಹೊಂದಾಣಿಕೆಗೆ ಬೆಲೆಯೂ ಇದೆ. ಭಾರಿ ಗಣಿತದ ಕೆಲಸಕ್ಕೆಂದೇ ಬಂದ ವಿದ್ಯೆಗಳನ್ನು ಮುಚ್ಚಿಟ್ಟರೆ, ಕಾಸು ಕೊಟ್ಟು ತಂದ ಹೊಸ ಪ್ರೊಸೆಸರು ಅಂಥ ಕೆಲಸದಲ್ಲಿ ಹಳೆಯದರಂತೆ ಏದುಸಿರು ಬಿಡುತ್ತದೆ. ಮೈಕ್ರೋಸಾಫ್ಟಿನ ಮೊದಲಿನ ವಿಧಾನದಲ್ಲಿ ಪಟ್ಟಿ ಬಹಳ ಚಿಕ್ಕದು, ಅದೂ ಮೊದಲೇ ನಿಗದಿಯಾದದ್ದು. ಯಾವುದೋ ಊರಿನ ಬಡಕಲು ಎತ್ತನ್ನು ನೆನೆದು ಮನೆಯ ಎತ್ತು ನಿಧಾನವಾಗಿ ನಡೆದಂತೆ. ವಿಂಡೋಸ್ ಸರ್ವರ್ 2025ರಲ್ಲಿ ಇದು ಸುಧಾರಿಸಿದೆ: ಒಂದೇ ಗುಂಪಿನಲ್ಲಿರುವ ಕಂಪ್ಯೂಟರುಗಳನ್ನು ನೋಡಿ, ಅವಕ್ಕೆಲ್ಲ ಸಾಮಾನ್ಯವಾದ ವಿದ್ಯೆಗಳ ಪಟ್ಟಿಯನ್ನು ಅದು ತಾನೇ ಹಾಕುತ್ತದೆ. ಕೊಟ್ಟಿಗೆಯಲ್ಲಿರುವ ಎತ್ತುಗಳನ್ನು ನೋಡಿಯೇ ನಡಿಗೆ ಗೊತ್ತುಮಾಡಿದಂತಾಯಿತು.

ಕಚೇರಿಗಳ ಯಂತ್ರಗಳೆಲ್ಲ ಒಂದೇ ಸಲಕ್ಕೆ ಬರುವುದು ಅಪರೂಪ. ಈ ವರ್ಷ ಹತ್ತು, ಮೂರು ವರ್ಷದ ಮೇಲೆ ಮತ್ತೆ ಹತ್ತು ಎಂದು ಟೆಂಡರು ಕರೆಯುತ್ತಾರೆ. ಹಳತು-ಹೊಸತು ಕೂಡಿಯೇ ದುಡಿಯಬೇಕಾಗುತ್ತದೆ. ಹೊಂದಾಣಿಕೆ ವಿಧಾನವನ್ನು ಹಾಕುವುದಕ್ಕೂ ತೆಗೆಯುವುದಕ್ಕೂ ಹೈಪರ್-ವಿಯಲ್ಲಿ ತೋರಿಕೆಯ ಯಂತ್ರವನ್ನು ಆರಿಸಲೇಬೇಕು. ಕೌಂಟರಿನ ಮುಂದೆ ಸಾಲು ಬೆಳೆದಿರುವಾಗ ಮಾಡುವ ಕೆಲಸ ಅದಲ್ಲ. ಎತ್ತು ಕೊಳ್ಳಲು ಸಂತೆಗೆ ಹೋದವನು ಮನೆಯ ಎತ್ತಿನ ಎತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರಡುತ್ತಾನೆ. ಸರ್ವರು ಕೊಳ್ಳುವವರೂ ಅಷ್ಟನ್ನು ಮೊದಲೇ ಕೇಳಿಕೊಂಡರೆ, ಎಷ್ಟೋ 'ನಾಳೆ ಬರ್ರಿ'ಗಳು ಉಳಿದಾವು.