ಮಳೆಗೆ ಮುನ್ನ ಮೇಣ: ಕಾರಿನ ಬಣ್ಣ ಕಾಯುವ ಬಗೆ



ನಮ್ಮ ಕೊಡಗು ಜಿಲ್ಲೆಗೆ ರೈಲು ಮಾರ್ಗವಿಲ್ಲ. ಮದುವೆ-ಮುಂಜಿಗೆ ಹೋಗಬೇಕಾದರೂ, ರೋಗಿಯನ್ನು ಮೈಸೂರಿಗೋ ಮಂಗಳೂರಿಗೋ ಕರೆದೊಯ್ಯಬೇಕಾದರೂ ರಸ್ತೆಯೇ ಗತಿ. ಆದುದರಿಂದ ತೋಟದ ಮನೆಗಳಲ್ಲಿ ಕಾರೆಂಬುದು ವೈಭವದ ವಸ್ತುವಲ್ಲ. ಹಿಂದಿನವರ ಎತ್ತಿನ ಜೋಡಿಯಂತೆ ಸಂಸಾರದ ದುಡಿಮೆಗೆ ಸೇರಿದ ಆಸ್ತಿ. ಹತ್ತಾರು ವರ್ಷ ಬಾಳಬೇಕಾದ ಆ ಆಸ್ತಿಯ ಮೈಬಣ್ಣವನ್ನು ಕಾಪಾಡಿಕೊಳ್ಳುವ ಬಗೆಯನ್ನು ಈ ತಿಂಗಳು ವಿಚಾರ ಮಾಡೋಣ.

ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. 2016ರ ಏಪ್ರಿಲಿನಲ್ಲಿ ಮಗಳ ಮದುವೆ ನಿಶ್ಚಯವಾಯಿತು. ಹಲಸಿನ ಮರದಡಿ ನಿಲ್ಲುತ್ತಿದ್ದ ಕಾರಿನ ಬಣ್ಣ ಮಂಕಾಗಿತ್ತು. ವಧೂವರರು ಕೂರುವ ಕಾರು ಕನ್ನಡಿಯಂತೆ ಹೊಳೆಯಬೇಕೆಂದು ಯಜಮಾನರು ಅದನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟರು. ರಬ್ಬಿಂಗ್ ಕಾಂಪೌಂಡ್ ಹಚ್ಚಿ, ಯಂತ್ರದಿಂದ ಉಜ್ಜಿ, ಸಂಜೆಯ ಹೊತ್ತಿಗೆ ಹೊಸ ಕಾರಿನಂತೆ ಮಾಡಿಕೊಟ್ಟರು. ಮದುವೆಗೆ ಬಂದವರೆಲ್ಲ ಹೊಗಳಿದರು. ಮರುವರ್ಷ ಮತ್ತೆ ಮಂಕಾಯಿತು, ಮತ್ತೆ ಉಜ್ಜಿಸಿದೆವು. 2018ರ ಆಗಸ್ಟಿನ ಮಹಾಮಳೆಯಲ್ಲಿ ಕಾರು ವಾರಗಟ್ಟಲೆ ಬಯಲಿನಲ್ಲೇ ನೆನೆಯಿತು. ಗುಡ್ಡ ಕುಸಿದು ಮನೆ, ತೋಟ, ಜನರನ್ನೇ ಕಳೆದುಕೊಂಡವರ ಸಂಕಟದ ಮುಂದೆ ನಮ್ಮ ಕಾರಿನ ಮಾತು ಯಾವ ಲೆಕ್ಕದ್ದೂ ಅಲ್ಲ. ಆದರೆ ಬಿಸಿಲು ಬಂದ ಮೇಲೆ ನೋಡಿದರೆ ಬಾನೆಟ್ ಮತ್ತು ಟಾಪಿನ ಮೇಲ್ಪದರ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು.

ಬಣ್ಣ ಹೊಡೆಯುವ ಹಿರಿಯರೊಬ್ಬರು ಅದನ್ನು ಬೆರಳಿನಿಂದ ಸವರಿ, “ಅಮ್ಮಾ, ನೀವು ಹೊಳಪು ಹಾಕಿಸಿದ್ದಲ್ಲ, ಇದ್ದ ಪದರವನ್ನು ತೆಗೆಸಿದ್ದು” ಎಂದರು. ಆ ಮಾತಿನ ಅರ್ಥ ನಮಗೆ ತಿಳಿಯುವಷ್ಟರಲ್ಲಿ ಒಂದು ವರ್ಷದ ಮೆಣಸಿನ ಹಣ ಹೊಸ ಬಣ್ಣಕ್ಕೆ ಸಂದಿತ್ತು.

ಇಂದಿನ ಕಾರುಗಳ ತಗಡಿನ ಮೇಲೆ ತುಕ್ಕುನಿರೋಧಕ ಲೇಪ, ಪ್ರೈಮರ್, ಬಣ್ಣ, ಕೊನೆಗೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ, ಹೀಗೆ ಒಂದರ ಮೇಲೊಂದು ಪದರಗಳಿರುತ್ತವೆ. ಕಣ್ಣಿಗೆ ಕಾಣುವ ಹೊಳಪೆಲ್ಲ ಕೊನೆಯ ಪದರದ್ದು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಅದೇ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿಗಿಂತಲೂ ತೆಳುವೆನ್ನಬಹುದು. ರಬ್ಬಿಂಗ್ ಕಾಂಪೌಂಡ್ ಎಂಬುದು ನಯವಾದ ಮರಳುಕಾಗದವಿದ್ದಂತೆ. ಗೀರುಗಳನ್ನು ಅದು ತುಂಬುವುದಿಲ್ಲ. ಸುತ್ತಲಿನ ಮೇಲ್ಮೈಯನ್ನೇ ಸವೆಸಿ ಗೀರಿನ ಮಟ್ಟಕ್ಕೆ ಇಳಿಸುತ್ತದೆ. ಬಲ್ಲವರು ಹಿತಮಿತವಾಗಿ ಒಮ್ಮೆ ಮಾಡಿದರೆ ತೊಂದರೆಯಿಲ್ಲ. ವರ್ಷವರ್ಷವೂ ಮಾಡಿಸಿದರೆ ಕಾಯುವ ಪದರವೇ ಕರಗಿಹೋಗುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಉತ್ತರ ನಮ್ಮ ತೋಟದಲ್ಲಿಯೇ ಇದೆ. ಕಾಫಿ ಗಿಡಕ್ಕೆ ಎಲೆತುಕ್ಕು ರೋಗ ಬಾರದಂತೆ ಮುಂಗಾರಿಗೆ ಮುನ್ನವೇ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತೇವಷ್ಟೆ? ಅದು ಎಲೆಯ ಮೇಲೆ ತೆಳುಪೊರೆಯಾಗಿ ನಿಂತು ರೋಗಾಣುವನ್ನು ತಡೆಯುತ್ತದೆ. ರೋಗ ಹತ್ತಿದ ಎಲೆಯನ್ನು ಮತ್ತೆ ಹಸಿರು ಮಾಡಲಾರದು. ಕಾರಿನ ಮೇಣದ ಕೆಲಸವೂ ಹೀಗೆಯೇ. ಅದು ಕೆಟ್ಟದ್ದನ್ನು ಸರಿಪಡಿಸುವ ಔಷಧವಲ್ಲ, ಕೆಡದಂತೆ ಮೊದಲೇ ಹೊದಿಸುವ ಪೊರೆ. ಮಳೆ, ಹಕ್ಕಿಯ ಹಿಕ್ಕೆ, ಮರದ ಸೊನೆ ಮೊದಲು ಮೇಣವನ್ನು ಸವೆಸುತ್ತವೆ. ಅದು ಸವೆದಾಗ ಮತ್ತೆ ಹಚ್ಚಬಹುದು. ಕ್ಲಿಯರ್ ಕೋಟ್ ಸವೆದರೆ ಹೊಸ ಬಣ್ಣವಲ್ಲದೆ ಬೇರೆ ದಾರಿಯಿಲ್ಲ.

ಹೂಮಳೆ ಮುಗಿದು ಮುಂಗಾರು ಹಿಡಿಯುವ ಮೊದಲು ಒಂದು ಸಲ, ಆಯುಧ ಪೂಜೆಯ ಆಸುಪಾಸಿನಲ್ಲಿ ಇನ್ನೊಂದು ಸಲ ಮೇಣ ಹಚ್ಚುವ ರೂಢಿಯನ್ನು ಈಗ ನಾವು ಇಟ್ಟುಕೊಂಡಿದ್ದೇವೆ. ಅದರ ಕ್ರಮ ಇಂತಿದೆ.

ಕಾರನ್ನು ನೆರಳಿಗೆ ನಿಲ್ಲಿಸಿ, ಬಾನೆಟ್ ಆರಿದ ಮೇಲೆ ಬರಿಯ ನೀರು ಸುರಿದು ಮಣ್ಣನ್ನು ಇಳಿಸಬೇಕು. ಒಣ ಧೂಳನ್ನು ಬಟ್ಟೆಯಿಂದ ಒರೆಸಿದರೆ ಮರಳಿನಿಂದ ಉಜ್ಜಿದಂತೆಯೇ ಸರಿ. ಬಳಿಕ ಕಾರಿನ ಶಾಂಪೂ ಕಲಸಿದ ನೀರು ಒಂದು ಬಕೆಟ್ಟಿನಲ್ಲಿ, ಬಟ್ಟೆ ಜಾಲಿಸಲು ಬರಿಯ ನೀರು ಇನ್ನೊಂದರಲ್ಲಿ ಇರಲಿ. ಟಾಪಿನಿಂದ ಆರಂಭಿಸಿ ಕೆಳಗಿಳಿಯುತ್ತ ತೊಳೆಯಬೇಕು. ಬಟ್ಟೆ ಒಗೆಯುವ ಪುಡಿ, ಪಾತ್ರೆಯ ಸೋಪು ಬೇಡ. ಅವು ಮೇಣವನ್ನೂ ಕಿತ್ತೊಯ್ಯುತ್ತವೆ. ಸೀಮೆಎಣ್ಣೆ ಅಥವಾ ಡೀಸೆಲ್ ಒರೆಸಿ ಮಿಂಚಿಸುವ ಪದ್ಧತಿಯನ್ನು ಬಿಡುವುದು ಲೇಸು. ಆ ಮಿಂಚು ಎರಡು ದಿನದ್ದು, ಕಿಟಕಿಯ ರಬ್ಬರಿಗೆ ಆಗುವ ಹಾನಿ ಶಾಶ್ವತ.

ಹಕ್ಕಿಯ ಹಿಕ್ಕೆ ಬಿದ್ದರೆ ಉಗುರಿನಿಂದ ಕೆರೆಯಬಾರದು. ಒದ್ದೆ ಬಟ್ಟೆಯನ್ನು ಐದು ನಿಮಿಷ ಹೊದಿಸಿ, ನೆನೆದ ಮೇಲೆ ಮೆಲ್ಲನೆ ಎತ್ತಬೇಕು. ಬಿಸಿಲಿನಲ್ಲಿ ಬಿಟ್ಟಷ್ಟೂ ಅದು ಬಣ್ಣವನ್ನು ಕೊರೆಯುತ್ತದೆ. ಹಲಸಿನ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ, ಮೆದುವಾದ ಮೇಲೆ ಒರೆಸಿ, ಶಾಂಪೂ ನೀರಿನಿಂದ ತೊಳೆಯಬೇಕು. ಬೋರ್ಡೋ ಸಿಂಪಡಿಸುವ ದಿನ ಕಾರನ್ನು ತೋಟದ ಅಂಚಿನಿಂದ ದೂರವಿಡಿ. ನೀಲಿ ಹನಿ ತಗುಲಿದರೆ ಒಣಗುವ ಮೊದಲೇ ತೊಳೆಯಿರಿ.

ಚೆನ್ನಾಗಿ ಒಣಗಿದ ಮೈಗೆ ಮೇಣವನ್ನು ತೆಳುವಾಗಿ, ಒಂದೊಂದೇ ಭಾಗಕ್ಕೆ ಹಚ್ಚಬೇಕು. ಮಂಜಿನಂತೆ ಬಿಳುಪಾದ ಮೇಲೆ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರಾಯಿತು. ದಪ್ಪ ಹಚ್ಚಿದರೆ ಹೆಚ್ಚು ಬಾಳುತ್ತದೆಂಬುದು ಭ್ರಮೆ.

ಕೊಡಗಿನವರಾದ ನಮಗೆ ಜೇನುಮೇಣ ಹೊಸತಲ್ಲ. ಅದನ್ನೇ ಏಕೆ ಹಚ್ಚಬಾರದೆಂದು ಕೇಳಬಹುದು. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಕಪ್ಪು ಕಾರಿನ ಬಾನೆಟ್ ಆ ಮಟ್ಟವನ್ನು ಮುಟ್ಟಬಲ್ಲುದು. ಬ್ರೆಜಿಲ್ ದೇಶದ ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಎಲೆಗಳಿಂದ ದೊರೆಯುವ ಮೇಣ 82 ಡಿಗ್ರಿಯವರೆಗೂ ಕರಗದೆ ನಿಲ್ಲುತ್ತದೆ. ಆದುದರಿಂದಲೇ ಒಳ್ಳೆಯ ಕಾರ್ ಪಾಲಿಷ್‌ಗಳಲ್ಲಿ ಅದಕ್ಕೆ ಸ್ಥಾನ. ಅದರ ಆಯುಷ್ಯ ಒಂದೆರಡು ತಿಂಗಳು. ಕೃತಕ ಸೀಲೆಂಟ್‌ಗಳದು ನಾಲ್ಕಾರು ತಿಂಗಳು. ನಮ್ಮ ಮಳೆಗಾಲಕ್ಕೆ ಎರಡನೆಯದೇ ಮೇಲು. ಮೈಮೇಲೆ ಬಿದ್ದ ನೀರು ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ಉರುಳಿದರೆ ಪೊರೆ ಇದೆಯೆಂದು ತಿಳಿಯಬೇಕು. ಹಾಳೆಯಂತೆ ಹರಡಿ ಅಂಟಿಕೊಂಡರೆ ಮತ್ತೆ ಹಚ್ಚುವ ಕಾಲ ಬಂದಿತೆಂದು ಅರ್ಥ.

ಈಚೆಗೆ ಸಿರಾಮಿಕ್ ಕೋಟಿಂಗ್ ಎಂಬ ಸಿಲಿಕಾ ಮೂಲದ ಲೇಪ ಬಂದಿದೆ. ಚೆನ್ನಾಗಿ ಮಾಡಿದರೆ ಎರಡು ಮೂರು ವರ್ಷ ಬಾಳುತ್ತದೆ. ಆದರೆ ಅದು ಕಲ್ಲೇಟನ್ನು ತಡೆಯದು, ತೊಳೆಯುವ ಕೆಲಸವನ್ನೂ ತಪ್ಪಿಸದು. ಹಚ್ಚಿದ ಮೇಲೆ ಗಟ್ಟಿಯಾಗುವವರೆಗೆ ನೀರು ಸೋಕಬಾರದಾದ್ದರಿಂದ ಜೂನ್, ಜುಲೈ ತಿಂಗಳು ಅದಕ್ಕೆ ತಕ್ಕ ಕಾಲವಲ್ಲ. ಹಚ್ಚುವ ಮೊದಲು ಉಜ್ಜುತ್ತಾರೆಯೇ, ಬಣ್ಣದ ದಪ್ಪವನ್ನು ಅಳೆದು ನೋಡುತ್ತಾರೆಯೇ ಎಂದು ಕೇಳಿ ತಿಳಿದೇ ಹಣ ಕೊಡಿರಿ.

ಆಯುಧ ಪೂಜೆಯ ದಿನ ಭಕ್ತಿಯಿಂದ ಎಳೆದ ವಿಭೂತಿ, ಕುಂಕುಮಗಳನ್ನು ಮರುದಿನ ಒಣಬಟ್ಟೆಯಿಂದ ತಿಕ್ಕದೆ, ನೀರಿನಿಂದ ನೆನೆಸಿ ಇಳಿಸಬೇಕು. ಬಾಳೆಕಂದು ಕಟ್ಟಿದ ಹಗ್ಗ ಮೈಗೆ ಉಜ್ಜದಂತೆ ನಡುವೆ ಮೆತ್ತನೆಯ ಬಟ್ಟೆಯಿರಲಿ.

ಕೊನೆಯ ಮಾತು ಕಣ್ಣಿಗೆ ಕಾಣದ ಭಾಗದ್ದು. ಚಕ್ರದ ಮೇಲಿನ ಗೂಡಿನಲ್ಲಿ ತೋಟದ ರಸ್ತೆಯ ಕೆಸರು ಕುಳಿತರೆ, ಬಾಗಿಲಿನ ತಳದ ನೀರಿಳಿಯುವ ತೂತುಗಳು ಎಲೆಕಸದಿಂದ ಕಟ್ಟಿಕೊಂಡರೆ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಮೇಲಿನ ಮೇಣ ಆಗ ಏನೂ ಮಾಡಲಾರದು. ಒದ್ದೆ ಕಾರಿಗೆ ಪ್ಲಾಸ್ಟಿಕ್ ಹೊದಿಸುವುದೂ ತೇವವನ್ನು ಒಳಗೇ ಕೂಡಿಹಾಕಿದಂತೆ. ಗಾಳಿಯಾಡುವ ಶೆಡ್ಡಿನ ಸೂರು ಅದಕ್ಕಿಂತ ಎಷ್ಟೋ ಮೇಲು.

ಹೊಸ ಬಣ್ಣ ಕಂಡ ನಮ್ಮ ಕಾರು ಇಂದಿಗೂ ಅಂಗಳದಲ್ಲಿದೆ. ಹಲಸಿನ ಮರದಡಿಯಿಂದ ಕಾಫಿ ಕಣದ ಪಕ್ಕದ ಶೆಡ್ಡಿಗೆ ಅದರ ಸ್ಥಾನ ಬದಲಾಗಿದೆ. ಮೇ ತಿಂಗಳ ಒಂದು ಭಾನುವಾರ ಯಜಮಾನರು ಮೇಣದ ಡಬ್ಬಿ ಹಿಡಿದು ಹೊರಟರೆ, ಮೊಮ್ಮಗ ಬಕೆಟ್ ಹಿಡಿದು ಹಿಂದೆ ನಡೆಯುತ್ತಾನೆ. ಕನ್ನಡಿಯ ಹೊಳಪು ಅದಕ್ಕೀಗ ಇಲ್ಲ. ಆದರೆ ಮಳೆ ಬಂದಾಗ ನೀರು ಮುತ್ತಾಗಿ ಉರುಳುತ್ತದೆ. ನಮಗೆ ಅಷ್ಟು ಸಾಕು.